ಜಾಹೀರಾತು ಬಂದಾಗ ನಿಮ್ಮ ಮನೆಯಲ್ಲಿ ಯಾರು ಎದ್ದು ಹೋಗುತ್ತಾರೆ?

ತಿಪಟೂರು ಮೇಡಂ:

ನಮಸ್ಕಾರ. ಪ್ರಶ್ನೆ ಚಿಕ್ಕದು, ಕಥೆ ಉದ್ದ. ಪುರುಸೊತ್ತು ಇದ್ದವರು ಓದಿ.

ನಮ್ಮ ಅತ್ತೆಗೆ ಅರವತ್ತೆಂಟು ವರ್ಷ. ಯುಗಾದಿಯ ಹಿಂದಿನ ವಾರ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಎಡಗಾಲಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್, ಕಾಲು ನೆಲಕ್ಕೆ ಊರುವ ಹಾಗಿಲ್ಲ. ಹಾಲ್‌ನಲ್ಲಿದ್ದ ದಿವಾನ್ ಮೇಲೆ, ಟಿವಿ ಎದುರಿಗೇ ಕೂರಿಸಿದೆವು.

ಮೂರನೇ ದಿನ ನನಗೆ ಹೊಳೆಯಿತು. ಅತ್ತೆ ಇಷ್ಟು ವರ್ಷ ಜಾಹೀರಾತನ್ನೇ ನೋಡಿರಲಿಲ್ಲ! ನಮ್ಮ ಮನೆಗೆ ಟಿವಿ ಬಂದು ಮೂವತ್ತು ವರ್ಷ ದಾಟಿದೆ. ಆದರೆ ಬ್ರೇಕ್ ಅಂದರೆ ಅತ್ತೆ ಏಳುವ ಹೊತ್ತು. ಕುಕ್ಕರ್ ಇಳಿಸುವುದು, ಹಾಲಿಗೆ ಹೆಪ್ಪು ಹಾಕುವುದು, ನಾಳೆಗೆ ಕಾಳು ನೆನೆಸುವುದು. ಸೀರಿಯಲ್ ಮತ್ತೆ ಶುರುವಾದ ಮ್ಯೂಸಿಕ್ ಕೇಳಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುವುದು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಿಯಮ ಇದೆಯಂತೆ. ಅಷ್ಟರೊಳಗೆ ನಮ್ಮ ಅತ್ತೆ ರಾತ್ರಿ ಅಡುಗೆಯನ್ನೇ ಮುಗಿಸುತ್ತಿದ್ದರು. ಕೂತು ಜಾಹೀರಾತು ನೋಡುತ್ತಿದ್ದವರು ಮಾವ, ನನ್ನ ಗಂಡ, ನನ್ನ ಮಗ. ಅಂದರೆ ಸೋಪು, ಮಸಾಲೆ, ಟೀ ಪುಡಿ ಯಾರಿಗೋಸ್ಕರ ಬರುತ್ತದೋ ಅವರು ಅಡುಗೆಮನೆಯಲ್ಲಿ. ಈ ಮೂರನ್ನೂ ಜನ್ಮದಲ್ಲಿ ಕೊಂಡು ತರದವರು ಸೋಫಾ ಮೇಲೆ.

ಹಾಗಂತ ಅತ್ತೆಗೆ ಜಾಹೀರಾತು ಗೊತ್ತಿಲ್ಲ ಅಂತಲ್ಲ. ಎಲ್ಲವೂ ಕಿವಿಯಲ್ಲಿ ಗೊತ್ತು. ಒಂದು ಟೀ ಪುಡಿ ಜಾಹೀರಾತಿನಲ್ಲಿ ಸೊಸೆ ಮಾತಾಡುವ ದನಿ ಅವರಿಗೆ ತುಂಬಾ ಇಷ್ಟ. 'ಆ ಹುಡುಗಿ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನೋಡು' ಅಂತ ನನಗೆ ಎರಡು ಮೂರು ಸಲ ಕುಟುಕಿದ್ದೂ ಉಂಟು. ಈಗ ಮೊದಲ ಸಲ ಆ ಹುಡುಗಿಯ ಮುಖ ನೋಡಿದರು. ಐದು ಸೆಕೆಂಡ್ ಸುಮ್ಮನಿದ್ದು, 'ಇವಳಾ?' ಅಂದರು.

ಅವರ ಮನಸ್ಸಿನಲ್ಲಿದ್ದದ್ದು ಹತ್ತಿ ಸೀರೆ ಉಟ್ಟು, ಜಡೆ ಹಾಕಿ, ಪಕ್ಕದ ಬೀದಿಯ ಸರೋಜಮ್ಮನ ಮಗಳ ಥರ ಇರುವ ಸೊಸೆ. ಟಿವಿಯಲ್ಲಿ ಇದ್ದದ್ದು ಕೂದಲು ಬಿಟ್ಟುಕೊಂಡು ಒಲೆ ಮುಂದೆ ನಿಂತ ಮುಂಬಯಿ ಹುಡುಗಿ. ಅಡುಗೆಮನೆ ನಮ್ಮ ಹಾಲ್‌ಗಿಂತ ದೊಡ್ಡದು, ಮಧ್ಯದಲ್ಲಿ ಕಟ್ಟೆ. 'ಕೂದಲು ಬಿಟ್ಕೊಂಡು ಅಡುಗೆ ಮಾಡ್ತಾಳಲ್ಲೇ, ಸಾರಿಗೆ ಬಿದ್ದರೆ?' ಅಂದರು. ಮಾರನೇ ದಿನ ಮತ್ತೆ ಅದೇ ಬಂದಾಗ ಕಣ್ಣು ಕಿರಿದು ಮಾಡಿ ನೋಡಿ, 'ಇಡೀ ಮನೇಲಿ ಒಂದು ಪೊರಕೆ ಕಾಣಲ್ಲ' ಅಂದರು. ನಾನು ಆ ಜಾಹೀರಾತನ್ನು ನೂರು ಸಲ ನೋಡಿರಬಹುದು. ಪೊರಕೆ ಇಲ್ಲದ್ದು ನನಗೆ ಕಂಡಿರಲಿಲ್ಲ.

ಅಲ್ಲಿಂದ ದಿನಾ ಒಂದು ತಕರಾರು. ಇನ್ಶೂರೆನ್ಸ್ ಜಾಹೀರಾತು ಬಂತು. ಪುಟ್ಟ ಮಗಳು ಓಡಿ ಓಡಿ ಮದುಮಗಳಾಗುತ್ತಾಳೆ, ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. ನಮ್ಮ ಮಾವನ ಕಣ್ಣೂ ಒದ್ದೆ, ಅವರಿಗೆ ಬೆಂಗಳೂರಿನಲ್ಲಿರುವ ಮಗಳ ನೆನಪು. ಅತ್ತೆ ಹೇಳಿದ್ದು: 'ಮಗಳನ್ನ ಕಳಿಸೋವಾಗ ಅಳೋದು ಎಲ್ಲರೂ ತೋರಿಸ್ತಾರೆ. ಬಂದ ಮನೇಲಿ ಅವಳು ಎಷ್ಟು ದಿನ ಅತ್ತಳು ಅಂತ ಯಾವನೂ ತೋರಿಸಲ್ಲ.' ಹೇಳಿ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ನಿಜವಾದ ಜಗಳ ಆದದ್ದು ಬಟ್ಟೆ ಒಗೆಯುವ ಪುಡಿಯ ವಿಷಯಕ್ಕೆ. ಗಂಡ ಬಟ್ಟೆ ಒಗೆಯುವ ಯಾವುದೋ ಜಾಹೀರಾತು ಬಂತು. 'ಈಗೀಗ ಗಂಡಸರನ್ನೂ ಬಿಡಲ್ಲ' ಅಂತ ಮಾವ ನಕ್ಕರು. ನನ್ನ ಮಗ, ಒಂಬತ್ತನೇ ಕ್ಲಾಸು, ಇದಕ್ಕಿಂತ ಹಳೆಯದು, ಒಳ್ಳೆಯದು ಒಂದಿದೆ ಅಂತ ಫೋನಿನಲ್ಲಿ ಏರಿಯಲ್ ಜಾಹೀರಾತು ಹಾಕಿ ತೋರಿಸಿದ. 2016ರದ್ದು, ನಿಮಗೂ ನೆನಪಿರಬಹುದು. ಮಗಳ ಮನೆಗೆ ಬಂದ ಅಪ್ಪ, ಅವಳು ಆಫೀಸಿನಿಂದ ಬಂದವಳೇ ಫೋನು, ಅಡುಗೆ, ಮಗು, ಬಟ್ಟೆ ಎಲ್ಲ ಒಬ್ಬಳೇ ನೋಡಿಕೊಳ್ಳುವುದನ್ನು ಕಾಣುತ್ತಾನೆ. ಅಳಿಯ ಟಿವಿ ಮುಂದೆ. ನಾನು ನಿನ್ನ ಅಮ್ಮನಿಗೆ ಯಾವತ್ತೂ ಸಹಾಯ ಮಾಡಲಿಲ್ಲ, ನೀನು ಅದನ್ನೇ ನೋಡಿ ಕಲಿತೆ, ಕ್ಷಮಿಸು ಅಂತ ಮಗಳಿಗೆ ಕಾಗದ ಬರೆಯುತ್ತಾನೆ. ಕೊನೆಗೆ ತನ್ನ ಮನೆಗೆ ಹೋಗಿ ಸೂಟ್‌ಕೇಸ್‌ನಿಂದ ತನ್ನ ಬಟ್ಟೆ ತೆಗೆದು ಮೆಷಿನ್‌ಗೆ ಹಾಕುತ್ತಾನೆ.

ನನಗೆ ಗಂಟಲು ಕಟ್ಟಿತು. ನನ್ನ ಗಂಡ ಫೋನ್ ಕಡೆ ನೋಡುತ್ತಾ ಏನೂ ಹೇಳಲಿಲ್ಲ. ಮಾವ 'ಒಳ್ಳೇ ಮನುಷ್ಯ' ಅಂದರು. ಅಂದು ಖಾಲಿ ಕಾಫಿ ಲೋಟ ನನ್ನ ಕಡೆ ಚಾಚಿದರು. ಅತ್ತೆ ಮಾತ್ರ, 'ಒಂದು ಸಲ ಬಟನ್ ಒತ್ತಿದ್ದಕ್ಕೆ ಅಷ್ಟು ಮ್ಯೂಸಿಕ್ಕಾ? ನಾನು ನಲವತ್ತೈದು ವರ್ಷ ಕಲ್ಲಿನ ಮೇಲೆ ಒಗೆದೆ. ಒಂದು ಪೀಪಿ ಊದಿದವರಿಲ್ಲ' ಅಂದರು.

ಒಂದೇ ಜಾಹೀರಾತು, ಒಂದೇ ಕೋಣೆ, ನಾಲ್ಕು ಅರ್ಥ. ಲೋಟ ಹಿಡಿದು ಅಡುಗೆಮನೆಗೆ ಹೋಗುವಾಗ ನನಗೆ ಅನಿಸಿದ್ದು, ಇದರಲ್ಲಿ ಜಾಹೀರಾತಿನ ಪಾಲಿಗಿಂತ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದರ ಪಾಲೇ ಜಾಸ್ತಿ ಅಲ್ವಾ? ನಿಮ್ಮ ಮನೆಯಲ್ಲಿ ಹೇಗೆ? ಬ್ರೇಕ್ ಬಂದರೆ ಯಾರು ಏಳುತ್ತಾರೆ, ಯಾರು ಕೂತಿರುತ್ತಾರೆ? ಸಂಸಾರದ ಜಾಹೀರಾತು ನೋಡಿ ಮನೆಯಲ್ಲಿ ಮಾತು ಬಂದದ್ದಿದೆಯಾ?

ರಿಮೋಟ್ ರಂಗ:

ಮೇಡಂ, ಸೋಪು ಮಾರುವವನು ಸೋಪು ಮಾರುತ್ತಾನೆ. ಮೂವತ್ತು ಸೆಕೆಂಡಿಗೆ ಇಷ್ಟೆಲ್ಲ ಯೋಚನೆ ಬೇಕಾ? ನಾನಂತೂ ಬ್ರೇಕ್ ಬಂದರೆ ಚಾನೆಲ್ ಬದಲಾಯಿಸುತ್ತೇನೆ, ಮೊಬೈಲಿನಲ್ಲಾದರೆ ಸ್ಕಿಪ್ ಒತ್ತುತ್ತೇನೆ. ಯಾರೂ ಏಳುವ ಪ್ರಶ್ನೆಯೇ ಇಲ್ಲ.

ತಿಪಟೂರು ಮೇಡಂ:

ರಂಗ ಅವರೇ, ನೀವು ಚಾನೆಲ್ ಬದಲಾಯಿಸುವಾಗ ನಿಮ್ಮ ಮನೆಯಲ್ಲಿ ಊಟ ಎಲ್ಲಿಂದ ಬರುತ್ತದೆ? ಸುಮ್ನೆ ಕೇಳಿದೆ.

ಅರ್ಧ ಹಿಂದಿ ಅರ್ಧ ಕನ್ನಡ:

ಮೇಡಂ, ನಿಮ್ಮ ಅತ್ತೆ ಇಷ್ಟಪಟ್ಟ ಆ ದನಿಯ ಹಿಂದೆ ನನ್ನಂಥವರು ಇರುತ್ತೇವೆ. ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಕೂತು ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ಬರೆಯುತ್ತಿದ್ದೇನೆ. ಮುಂಬಯಿಯಿಂದ ಮಧ್ಯಾಹ್ನ ಸ್ಕ್ರಿಪ್ಟ್ ಬಂದರೆ ಸಂಜೆಗೆ ಬೇಕು. ಚಿತ್ರ ಮುಟ್ಟುವ ಹಾಗಿಲ್ಲ. ಆ ಹುಡುಗಿಯ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ನಾನು ಪ, ಬ, ಮ ತರಬೇಕು. ಹಿಂದಿಯಲ್ಲಿ ಎರಡು ಸೆಕೆಂಡಿನಲ್ಲಿ ಮುಗಿಯುವ ಸಾಲು ಕನ್ನಡದಲ್ಲಿ ಮೂರು ಬೇಡುತ್ತದೆ. ಉಸಿರು ಬಿಡದೆ ಓದಿಸುತ್ತೇವೆ. ಕೆಲವು ಜಾಹೀರಾತಿನಲ್ಲಿ ಹೆಂಗಸರು ಬೆನ್ನಟ್ಟಿಸಿಕೊಂಡವರ ಥರ ಮಾತಾಡುವುದು ಇದಕ್ಕೇ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಹಿಂದಿಯಲ್ಲಿ ಗಂಡ ಹೆಂಡತಿ ಇಬ್ಬರೂ 'ತುಮ್' ಅನ್ನಬಹುದು. ಅದು ಮೇಲೂ ಅಲ್ಲ, ಕೆಳಗೂ ಅಲ್ಲ. ನಮ್ಮಲ್ಲಿ ಆ ನಡುವಿನ ಮೆಟ್ಟಿಲೇ ಇಲ್ಲ. ನೀನು, ಇಲ್ಲವೇ ನೀವು. ನಾನು ಇಬ್ಬರಿಗೂ 'ನೀನು' ಬರೆದು ಕಳಿಸಿದರೆ 'ಫ್ಯಾಮಿಲಿ ಆಡಿಯನ್ಸ್ ಒಪ್ಪಲ್ಲ' ಅಂತ ವಾಪಸ್ ಬರುತ್ತದೆ. ಕೊನೆಗೆ ಅವನು 'ನೀನು' ಅನ್ನುತ್ತಾನೆ, ಅವಳು 'ರೀ' ಅನ್ನುತ್ತಾಳೆ. ಹಿಂದಿಯಲ್ಲಿ ಸರಿಸಮ ಇದ್ದ ಜೋಡಿ ಕನ್ನಡಕ್ಕೆ ಬರುವಷ್ಟರಲ್ಲಿ ಮೇಲೆ ಕೆಳಗೆ ಆಗಿರುತ್ತದೆ. ಮನೆಗೆಲಸ ಹಂಚಿಕೊಳ್ಳೋಣ ಅನ್ನುವ ಜಾಹೀರಾತಿನಲ್ಲೂ ಅವಳು 'ರೀ, ನೀವೂ ಸ್ವಲ್ಪ ಮಾಡಿ' ಅಂತ ಬೇಡಿಕೊಂಡಂತೆ ಕೇಳುತ್ತದೆ. ಬೆಂಗಳೂರಿನವನು ಒಂದು ಥರ ಕೇಳಿದರೆ, ಲಖನೌದವನು ಇನ್ನೊಂದು ಕಥೆಯನ್ನೇ ಕೇಳಿರುತ್ತಾನೆ. ಕಿವಿಯಲ್ಲೇ ಜಾಹೀರಾತು ನೋಡುವ ನಿಮ್ಮ ಅತ್ತೆಯಂಥವರಿಗೆ ಸಿಗುವುದು ನನ್ನ ಈ 'ರೀ' ಮಾತ್ರ. ನಾಚಿಕೆಯಾಗುತ್ತದೆ, ನಿಜ.

ಪೊರಕೆ ವಿಷಯ. ಜಾಹೀರಾತಿನವರೇ 1985ರಲ್ಲಿ ಕಟ್ಟಿಕೊಂಡ ಎಎಸ್‌ಸಿಐ ಅಂತ ಒಂದು ಸಂಸ್ಥೆ ಇದೆ. ಅದು 2022ರಲ್ಲಿ ಹೆಣ್ಣು ಗಂಡಿನ ಚಿತ್ರಣಕ್ಕೆ ಮಾರ್ಗಸೂಚಿ ತಂದಿತು. ಹೆಂಗಸು ಅಡುಗೆ ಮಾಡುವುದನ್ನು ತೋರಿಸಬಾರದು ಅಂತ ಅದರಲ್ಲಿಲ್ಲ. ಮನೆಯವರೆಲ್ಲ ಸೇರಿ ಗಲೀಜು ಮಾಡಿ, ಅದನ್ನು ತೆಗೆಯುವ ಜವಾಬ್ದಾರಿ ಅವಳೊಬ್ಬಳದೇ ಅನ್ನುವ ಹಾಗೆ ತೋರಿಸಬೇಡಿ ಅನ್ನುತ್ತದೆ. ಅದಾದ ಮೇಲೆ ಒಂದು ಸ್ಕ್ರಿಪ್ಟ್ ನನ್ನ ಕೈಗೆ ಬಂತು. ಎಲ್ಲ ಮೊದಲಿನ ಹಾಗೇ ಇತ್ತು. ಕೊನೆಯ ಶಾಟ್‌ನಲ್ಲಿ ಗಂಡನ ಕೈಗೆ ಒಂದು ತಟ್ಟೆ ಕೊಟ್ಟಿದ್ದರು. ಅವನು ಅದನ್ನು ಎಲ್ಲಿಡಬೇಕು ಅಂತ ಗೊತ್ತಿಲ್ಲದವನ ಹಾಗೆ ಹಿಡಿದುಕೊಂಡೇ ನಿಂತಿದ್ದ.

ಧಾರವಾಡ ರಿಟೈರ್ಡ್:

ನೋಡ್ರಿ ಮೇಡಂ, ನಾನು ಹಳೆಯ ಮನುಷ್ಯ, ಹಳೆಯದೇ ಹೇಳುತ್ತೇನೆ. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ಕ್ಕೆ. ಆಗ ನಮ್ಮ ಊರಿನಲ್ಲಿ ಟಿವಿಯೇ ಇರಲಿಲ್ಲ, ಆ ಮಾತು ಬಿಡ್ರಿ. ನಮ್ಮ ಮನೆಗೆ ಕಪ್ಪು ಬಿಳುಪಿನ ಪೆಟ್ಟಿಗೆ ಬಂದಾಗ ಓಣಿಯ ಹೆಣ್ಣುಮಕ್ಕಳೆಲ್ಲ ಲಲಿತಾಜಿಯನ್ನು ನೋಡುತ್ತಿದ್ದರು. ಸರ್ಫ್ ಪುಡಿಯ ಲಲಿತಾಜಿ. ಕವಿತಾ ಚೌಧರಿ ಅನ್ನುವ ಕಲಾವಿದೆ, 2024ರಲ್ಲಿ ತೀರಿಕೊಂಡರು. ಕಾಯಿಪಲ್ಲೆ ಅಂಗಡಿಯಲ್ಲಿ ಪೈಸೆ ಪೈಸೆಗೂ ಚೌಕಾಶಿ ಮಾಡುವ ಹೆಂಗಸು, ಪುಡಿ ಮಾತ್ರ ತುಟ್ಟಿಯದೇ ಕೊಳ್ಳುತ್ತಾಳೆ. ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಅನ್ನುತ್ತಾಳೆ. ಅದು ನಿರ್ಮಾ ಪುಡಿಗೆ ಕೊಟ್ಟ ಉತ್ತರ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಅಷ್ಟು ಅಗ್ಗಕ್ಕೆ ಪುಡಿ ಮಾರಿ ದೊಡ್ಡ ಕಂಪನಿಯವರ ನಿದ್ದೆ ಕೆಡಿಸಿದ್ದ ಕಾಲ.

ನನಗೆ ಲಲಿತಾಜಿಯ ಮಾತು ಬಹಳ ಮನಸ್ಸಿಗೆ ಬಂತು. ಮರುದಿನವೇ ಸರ್ಫ್ ತರೋಣವೇನು ಅಂತ ಹೆಂಡತಿಯನ್ನು ಕೇಳಿದೆ. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತದೆ, 'ಲಲಿತಾಜಿ ಹೇಳೋದು ಖರೇನೇ. ಆದರ ಆಕೀ ಗಂಡನ ಪಗಾರ ನಿಮಗಿಲ್ಲ' ಅಂದಳು. ನಮ್ಮ ಮನೆಯಲ್ಲಿ ನಿರ್ಮಾ ನಡೆಯಿತು. ಮುಂದೆ ನನ್ನ ಪಗಾರ ಏರಿದ ಮೇಲೂ ಅದೇ ನಡೆಯಿತು. ಕೇಳಿದರೆ ಆ ಪೊಟ್ಟಣದ ಮೇಲಿನ ಬಿಳಿ ಫ್ರಾಕಿನ ಹುಡುಗಿ ಪಟೇಲರ ತೀರಿಹೋದ ಮಗಳ ನೆನಪಿನದ್ದಂತೆ, ಬಿಡೋಕೆ ಮನಸ್ಸು ಬರಲ್ಲ ಅನ್ನುತ್ತಿದ್ದಳು. ಜಾಹೀರಾತಿನಲ್ಲಿ ಇಲ್ಲದ ಕಥೆಗೆ ಮರುಳಾದವಳು, ಇದ್ದ ಕಥೆಗೆ ಬಗ್ಗಲಿಲ್ಲ.

ಹೆಂಡತಿಯನ್ನು ಪ್ರೀತಿಸುವವರು ಪ್ರೆಸ್ಟೀಜ್ ಬೇಡ ಅನ್ನುವುದು ಹೇಗೆ ಅಂತ ಹಿಂದಿಯಲ್ಲಿ ಒಂದು ಸಾಲು ಬರುತ್ತಿತ್ತು. ಅದಕ್ಕೆ ಸೋತು ಕುಕ್ಕರ್ ತಂದೆ. 'ಪ್ರೀತಿ ತಂದ್ರಿ, ಇನ್ನ ಅದನ್ನ ತಿಕ್ಕಾಕಿ ನಾನೇ' ಅಂದಳು. ಈಗ ಆಕೆ ಇಲ್ಲ. ಕುಕ್ಕರ್ ಇದೆ, ಗ್ಯಾಸ್ಕೆಟ್ ನಾನೇ ಬದಲಿಸುತ್ತೇನೆ.

ವೈಟ್‌ಫೀಲ್ಡ್ ಟೀಮ್ ಲೀಡ್:

2014ರಲ್ಲಿ ಏರ್‌ಟೆಲ್‌ನವರದ್ದು ಒಂದು ಬಂದಿತ್ತು. ಆಫೀಸಿನಲ್ಲಿ ಲೇಡಿ ಬಾಸ್. ಒಬ್ಬ ನೌಕರನಿಗೆ ಇವತ್ತೇ ಕೆಲಸ ಮುಗಿಯಬೇಕು ಅಂತಾಳೆ. ಅವಳು ಮನೆಗೆ ಹೋಗಿ ಒಂದಾದ ಮೇಲೊಂದು ಅಡುಗೆ ಮಾಡಿ, ಗಂಡನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಾಳೆ. ನೋಡಿದರೆ ಗಂಡ ಅದೇ ನೌಕರ. ಆಗ ನಾನು ಹೊಸದಾಗಿ ಟೀಮ್ ಲೀಡ್ ಆಗಿದ್ದೆ. ನನ್ನ ಗಂಡನಿಗೆ ಕಂಡದ್ದು 'ನೋಡು, ಹೆಂಡತಿ ಬಾಸ್ ಆದರೂ ಅವನಿಗೆ ಬೇಜಾರಿಲ್ಲ'. ನನಗೆ ಕಂಡದ್ದು ಎರಡು ಒಲೆ ಒಟ್ಟಿಗೆ ಉರಿಯುತ್ತಿದ್ದದ್ದು. ಮಾರನೇ ದಿನ ಊಟದ ಟೇಬಲ್‌ನಲ್ಲಿ ಆಫೀಸೇ ಎರಡು ಪಾರ್ಟಿ ಆಯಿತು. ಪ್ರೀತಿಯಿಂದ ಮಾಡಿದರೆ ತಪ್ಪೇನು ಅಂತ ಅರ್ಧ ಜನ. ಅವನು ಲೇಟಾಗಿ ಬಂದರೆ ಅವಳು ಅಡುಗೆ ಮಾಡುತ್ತಾಳೆ, ಅವಳು ಲೇಟಾಗಿ ಬಂದರೆ ಸ್ವಿಗ್ಗಿ ಥರ ಏನಾದರೂ ಹುಟ್ಟಿಕೊಳ್ಳಬೇಕು ಅಂತ ಇನ್ನರ್ಧ. ನನ್ನ ಸಂಶಯ ಒಂದೇ ಉಳಿಯಿತು. ಅಷ್ಟು ಬೇಗ ಅವಳು ಮನೆ ತಲುಪಿದ್ದು ಹೇಗೆ? ಅವಳ ದಾರಿಯಲ್ಲಿ ಸಿಲ್ಕ್ ಬೋರ್ಡ್ ಇಲ್ವಾ?

ಬಳ್ಳಾರಿ ಹುಡುಗಿ:

ನಮ್ಮ ಮನೆಯದ್ದು ಸ್ವಲ್ಪ ಬೇರೆ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಜಾಹೀರಾತು ಗಲಾಟೆ ಆಯಿತಲ್ಲ, ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡುವುದು. ಕೆಲವೇ ದಿನಕ್ಕೆ ವಾಪಸ್ ತೆಗೆದುಕೊಂಡರು. ಆ ವಾರ ನಮ್ಮ ಮನೆಯಲ್ಲಿ ಫೋನ್ ತೆಗೆಯಲಿಕ್ಕೇ ಬೇಜಾರು. ಅಬ್ಬಾ ನೋಡಬೇಡ ಅಂದರು. ನಾನೂ ಅಮ್ಮಿಯೂ ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡು ನೋಡಿದೆವು.

ಅಮ್ಮಿಗೆ ಧರ್ಮದ ವಿಷಯ ತಲೆಗೇ ಹೋಗಲಿಲ್ಲ. ಆ ಅತ್ತೆ ಸೊಸೆಯ ಕೈ ಹಿಡಿದು ನಡೆಸಿಕೊಂಡು ಹೋಗುತ್ತಾಳೆ. 'ತುಂಬು ಬಸುರಿ, ಕೂರಿಸಬಾರದಾ' ಅಂತ ಶುರು ಮಾಡಿದರು. ಕೊನೆಯಲ್ಲಿ ಆ ಹುಡುಗಿ, ಈ ಶಾಸ್ತ್ರ ನಿಮ್ಮ ಮನೆಯಲ್ಲಿ ಇಲ್ಲವಲ್ಲ ಅನ್ನುತ್ತಾಳೆ. ಅದಕ್ಕೆ ಅತ್ತೆ, ಮಗಳನ್ನು ಖುಷಿಯಾಗಿಡುವ ಶಾಸ್ತ್ರ ಎಲ್ಲ ಮನೆಯಲ್ಲೂ ಇದೆಯಲ್ಲ ಅನ್ನುತ್ತಾಳೆ. ಎಲ್ಲರೂ ಕಣ್ಣೀರು ಹಾಕಿದ್ದು, ಬೈದದ್ದು ಎಲ್ಲ ಆ ಸಾಲಿಗೇ. ಅಮ್ಮಿ ಮಾತ್ರ, 'ಯಾಕಿಲ್ಲ? ಸತ್ವಾಸಾ ಅಂತ ನಾವು ಏಳನೇ ತಿಂಗಳಿಗೆ ಮಾಡಲ್ವಾ? ನಿನ್ನ ಅಕ್ಕನಿಗೆ ಮಡಿಲು ತುಂಬಿ, ಹೂ ಮುಡಿಸಿ, ಬಳೆ ಹಾಕಿದ್ದು ಇವರಿಗೆ ಯಾರು ಹೇಳಬೇಕು?' ಅಂದರು. ನಮ್ಮ ಕಡೆ ದಖ್ಖನಿ ಮನೆಗಳಲ್ಲಿ ಅದು ಎಷ್ಟೋ ಕಾಲದಿಂದ ಇದೆ. ಹೊಗಳಿದವರಿಗೂ ಗೊತ್ತಿರಲಿಲ್ಲ, ಬೈದವರಿಗೂ ಗೊತ್ತಿರಲಿಲ್ಲ. ಬರೆದವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಇನ್ನು ಮೇಡಂ ಪ್ರಶ್ನೆಗೆ ಉತ್ತರ: ಬ್ರೇಕ್ ಬಂದರೆ ಏಳುವುದು ನಾನು. ಅಮ್ಮಿಗೆ ಮಂಡಿನೋವು.

ತಿಪಟೂರು ಮೇಡಂ:

ಎಲ್ಲರಿಗೂ ಥ್ಯಾಂಕ್ಸ್. ಧಾರವಾಡದವರ ಮಾತು ಮಾವನಿಗೆ ಓದಿ ಹೇಳಿದೆ. 'ಗ್ಯಾಸ್ಕೆಟ್ ಬದಲಿಸೋದು ಹೇಗೆ ಅಂತ ಅವರನ್ನೇ ಕೇಳು' ಅಂದರು. ಕೇಳಿದ್ದೇನೆ ಅಂದುಕೊಳ್ಳಿ.

ಅನುವಾದದವರು ಹೇಳಿದ 'ರೀ' ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೊನ್ನೆ ಕಣ್ಣು ಮುಚ್ಚಿಕೊಂಡು ಅತ್ತೆಯ ಥರ ಒಂದು ಪೂರ್ತಿ ಬ್ರೇಕ್ ಕೇಳಿದೆ. ಮೂರು ಸಂಸಾರ ಬಂತು. ಮೂರರಲ್ಲೂ 'ರೀ'. ನಗು ಬಂತು, ಯಾಕೆಂದರೆ ನಾನೂ ಕೋಣೆಯೊಳಗೆ ಗಂಡನಿಗೆ 'ಏನೋ, ಬಾರೋ' ಅನ್ನುವವಳು, ಹಾಲ್‌ಗೆ ಬಂದರೆ ನನ್ನ ಬಾಯಲ್ಲೂ 'ರೀ'. ನಮ್ಮನ್ನು ಯಾವ ಏಜೆನ್ಸಿಯೂ ಡಬ್ ಮಾಡಲಿಲ್ಲ.

ಕಳೆದ ಸೋಮವಾರ ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. ಇನ್ನು ಮೇಲೆ ಅವರು ಬ್ರೇಕ್‌ನಲ್ಲಿ ಏಳುವುದಿಲ್ಲ, ಏನಾದರೂ ಬದಲಾಗುತ್ತದೆ ಅಂತ ನಾನು ಸ್ವಲ್ಪ ಆಸೆಪಟ್ಟಿದ್ದೆ. ಎಲ್ಲಿ! ಬುಧವಾರ ರಾತ್ರಿ ಬ್ರೇಕ್ ಬಂದದ್ದೇ ಗೋಡೆ ಹಿಡಿದುಕೊಂಡು ಎದ್ದರು. ಬೇಡ ಅಂದರೂ ಕೇಳಲಿಲ್ಲ, 'ಹಾಲು ಉಕ್ಕುತ್ತೆ' ಅಂತ ಕುಂಟುತ್ತಾ ಒಳಗೆ ಹೋದರು. ನಾನು ಹಿಂದೆಯೇ ಹೊರಟಿದ್ದೆ. ಅಷ್ಟರಲ್ಲಿ ಟೀ ಪುಡಿ ಜಾಹೀರಾತಿನ ಅದೇ ದನಿ ಬಂತು.

ಒಳಗಿನಿಂದ ಅತ್ತೆ ಕೂಗಿದರು. 'ರೀ, ಕೂದಲು ಬಿಟ್ಕೊಂಡವಳು ಬಂದಳಾ?'

ಮಾವ ಪೇಪರ್ ಮಡಚಿಟ್ಟು ಟಿವಿ ನೋಡಿದರು. 'ಬಂದಳು ಕಣೇ. ಇವತ್ತು ಜಡೆ ಹಾಕ್ಕೊಂಡಿದಾಳೆ.'

ನಾನು ತಿರುಗಿ ನೋಡಿದೆ. ಕೂದಲು ಬಿಟ್ಟೇ ಇತ್ತು.